ಐಎನ್‌ಎಸ್ ಮೈಸೂರು: ಭಾರಿ ಕ್ರೂಸರೇ?

1957ರ ಆಗಸ್ಟ್ 29ರಂದು ಬ್ರಿಟನ್ನಿನ ‘ನೈಜೀರಿಯಾ’ ಹಡಗು ‘ಮೈಸೂರು’ ಎಂಬ ಹೆಸರು, ಗಂಡಭೇರುಂಡ ಲಾಂಛನ ಹೊತ್ತು ಭಾರತೀಯ ನೌಕಾಪಡೆ ಸೇರಿತು. ಇದನ್ನು ಭಾರಿ ಕ್ರೂಸರ್ ಎನ್ನುವುದು ಸಲ್ಲದು. 1930ರ ಲಂಡನ್ ಒಪ್ಪಂದ ಭಾರಿ, ಹಗುರ ಎಂದು ವಿಂಗಡಿಸಿದ್ದು ಫಿರಂಗಿಯ ಬಾಯಳತೆಯಿಂದ. ಗೆರೆ 155 ಮಿ.ಮೀ. ಮೈಸೂರಿನ ಒಂಬತ್ತು ಮುಖ್ಯ ಫಿರಂಗಿಗಳು 152 ಮಿ.ಮೀ.ನವು. ಪೂರ್ಣ ಸಜ್ಜಾದಾಗ 10,000 ಟನ್ ಮೀರುತ್ತಿತ್ತಲ್ಲ ಎನ್ನಬಹುದು. ಆ ವಿಂಗಡಣೆಯಲ್ಲಿ ತೂಕ ಲೆಕ್ಕಕ್ಕಿಲ್ಲ. ಹಗುರವೆಂದರೆ ದುರ್ಬಲವೂ ಅಲ್ಲ: ಗಂಟೆಗೆ ಸುಮಾರು 31 ನಾಟಿಕಲ್ ಮೈಲಿ ಓಡಬಲ್ಲ ಇದೇ ಹಡಗು 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ. (ಕರಾಚಿಯ ಮೇಲೆ ಎರಗಿದ್ದು ಮಾತ್ರ ಸಣ್ಣ ಕ್ಷಿಪಣಿ ದೋಣಿಗಳು.) ಇದರ ಸೇವೆ 1985ರಲ್ಲಿ ಮುಗಿಯಿತು.