ಶರಣಪುರದ ಆಫ್ರಿಕನ್ ಮಕ್ಕಳು

ನಮ್ಮ ಮುದ್ದೇಬಿಹಾಳ ಸೀಮೆಯ, ವೀರೇಶ್ವರ ಶರಣರ ನಾಲತವಾಡ ಮತ್ತು ಗೋದಾವರಿ ದಂಡೆಯ ನಾಸಿಕ ಒಂದು ಕಾಲಕ್ಕೆ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಆ ನಾಸಿಕದ ಮಗ್ಗುಲಿಗೆ ಚರ್ಚ್ ಮಿಷನರಿ ಸೊಸೈಟಿಯ ಡಬ್ಲ್ಯು. ಎಸ್. ಪ್ರೈಸ್ 1850ರ ದಶಕದಲ್ಲಿ ಶರಣಪುರವೆಂಬ ಕ್ರೈಸ್ತ ಊರನ್ನು ಕಟ್ಟಿದರು. ಅಲ್ಲಿನ ಅನಾಥಾಲಯದಲ್ಲಿ ಈ ನೆಲದ ಮಕ್ಕಳ ಜೊತೆಗೆ ಪೂರ್ವ ಆಫ್ರಿಕಾದ ಮಕ್ಕಳೂ ಬೆಳೆದರು. ನಮ್ಮ ಭಾಗದ ಮಕ್ಕಳ ಮನೆಗಳ ಚರಿತ್ರೆ ಬರೆಯುವವರು ಅವರನ್ನು ಮರೆಯಬಾರದು.

ಗುಲಾಮರ ವ್ಯಾಪಾರಿಗಳು ಹಳ್ಳಿಗಳಿಗೆ ನುಗ್ಗಿ, ಹಿರಿಯರನ್ನು ಕೊಂದು ಅಥವಾ ಚದುರಿಸಿ, ಮಕ್ಕಳನ್ನು ಹಡಗಿಗೆ ತುಂಬುತ್ತಿದ್ದರು. ಬ್ರಿಟಿಷ್ ನೌಕಾಪಡೆ ಅಂಥ ಹಡಗುಗಳನ್ನು ಹಿಡಿದು, ಬಿಡಿಸಿಕೊಂಡವರಲ್ಲಿ ಕೆಲವರನ್ನು ಮುಂಬಯಿಯಲ್ಲಿ ಇಳಿಸುತ್ತಿತ್ತು. ತಿರುಗಿ ಹೋಗಲು ಮನೆಯಿಲ್ಲದ ಮಕ್ಕಳನ್ನು ಸರಕಾರ ಮಿಷನ್‌ಗಳಿಗೆ ಒಪ್ಪಿಸುತ್ತಿತ್ತು. ಶರಣಪುರದಲ್ಲಿ ಅವರಿಗೆ ಓದು-ಬರಹದ ಜೊತೆಗೆ ಬಡಗಿತನ, ಕಮ್ಮಾರಿಕೆ ಕಲಿಸಿದರು. ದೀಕ್ಷಾಸ್ನಾನದ ಹೊತ್ತಿಗೆ ಹೊಸ ಹೆಸರು ಇಟ್ಟರು. ಜಗತ್ತು ಅವರನ್ನು ಬಲ್ಲದ್ದು ಈ ಹೆಸರುಗಳಿಂದಲೇ.

ಆ ಮಕ್ಕಳಲ್ಲೊಬ್ಬ ಜೇಕಬ್ ವೇನ್‌ರೈಟ್. ಆಫ್ರಿಕಾದ ಒಳನಾಡನ್ನು ಶೋಧಿಸುತ್ತಿದ್ದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ನರ ನೆರವಿಗೆ 1872ರಲ್ಲಿ ಹೋದ ಶರಣಪುರದ ಯುವಕರಲ್ಲಿ ಅವನೂ ಇದ್ದ. 1873ರ ಮೇ ತಿಂಗಳಲ್ಲಿ, ಇಂದಿನ ಜಾಂಬಿಯಾದ ಚಿತಾಂಬೊ ಎಂಬ ಹಳ್ಳಿಯಲ್ಲಿ ಲಿವಿಂಗ್‌ಸ್ಟನ್ ತೀರಿಕೊಂಡರು. ಸಂಗಡಿಗರು ಅವರ ಹೃದಯವನ್ನು ಮರದ ಬುಡದಲ್ಲಿ ಹೂಳಿದಾಗ ಶವಸಂಸ್ಕಾರದ ಪ್ರಾರ್ಥನೆ ಓದಿದವನು ಜೇಕಬ್. ಮರದ ಕಾಂಡದ ಮೇಲೆ ತಾರೀಖು ಕೆತ್ತಿದವನೂ ಅವನೇ. ದೇಹವನ್ನು ಒಣಗಿಸಿ, ತೊಗಟೆಯಲ್ಲಿ ಸುತ್ತಿ, ತಿಂಗಳುಗಟ್ಟಲೆ ನಡೆದು ಕಡಲ ತೀರಕ್ಕೆ ಮುಟ್ಟಿಸಿದರು. 1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶವಪೆಟ್ಟಿಗೆಯ ಪಕ್ಕದಲ್ಲಿ ನಡೆದವರಲ್ಲಿ ಜೇಕಬ್ ಒಬ್ಬ. ಆ ಪಯಣದ ದಿನಚರಿಯನ್ನೂ ಅವನು ಬರೆದಿಟ್ಟ.

ಇದಕ್ಕೂ ಮೊದಲೇ, 1864ರಲ್ಲಿ, ಶರಣಪುರದಲ್ಲೇ ಬೆಳೆದ ವಿಲಿಯಂ ಜೋನ್ಸ್, ಜಾರ್ಜ್ ಡೇವಿಡ್, ಇಷ್ಮಾಯೇಲ್ ಸೆಮ್ಲರ್ ಮೊಂಬಾಸಾಕ್ಕೆ ಹೋಗಿ ಅಲ್ಲಿನ ಮಿಷನ್ ಸೇರಿದ್ದರು. 1873ರಲ್ಲಿ ಜಾಂಜಿಬಾರ್‌ನ ಗುಲಾಮರ ಸಂತೆ ಮುಚ್ಚಿತು. 1875ರಲ್ಲಿ ಮೊಂಬಾಸಾದ ಹತ್ತಿರ ಫ್ರೀರ್‌ಟೌನ್ ಎಂಬ ಬಿಡುಗಡೆ ಹೊಂದಿದವರ ಊರು ಎದ್ದಿತು. ಶರಣಪುರದಲ್ಲಿ ಬೆಳೆದವರು ಅಲ್ಲಿ ಉಪದೇಶಿಗಳಾಗಿ, ಶಿಕ್ಷಕರಾಗಿ, ಕಸುಬುದಾರರಾಗಿ ದುಡಿದರು. ಸೆರೆಯಲ್ಲಿ ಕಡಲು ದಾಟಿ ಬಂದ ಮಕ್ಕಳು ದೊಡ್ಡವರಾಗಿ, ಓಡಿಬಂದ ಗುಲಾಮರಿಗೆ ಆಸರೆಯಾದರು.

ಆಫ್ರಿಕಾದ ಆ ಮಕ್ಕಳನ್ನು ಅನಾಥರನ್ನಾಗಿಸಿದ್ದು ಗುಲಾಮರ ವ್ಯಾಪಾರವಾದರೆ, ನಮ್ಮ ಮಣ್ಣಿನ ಮಕ್ಕಳನ್ನು ಅನಾಥರನ್ನಾಗಿಸಿದ್ದು ಬರ. ಮುದ್ದೇಬಿಹಾಳ ಆಗ ಕಲಾದಗಿ ಜಿಲ್ಲೆಯಲ್ಲಿತ್ತು. 1872ರಲ್ಲಿ 8 ಲಕ್ಷ ದಾಟಿದ್ದ ಈ ಜಿಲ್ಲೆಯ ಜನಸಂಖ್ಯೆ, 1876–78ರ ಬರದ ನಂತರ 1881ರ ಗಣತಿಯಲ್ಲಿ ಸುಮಾರು 6.4 ಲಕ್ಷಕ್ಕೆ ಇಳಿಯಿತು. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ. ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ, ಗುಳೇದಗುಡ್ಡಗಳಲ್ಲಿ ಅದಾಗಲೇ ನೆಲೆಯೂರಿದ್ದ ಬಾಸೆಲ್ ಮಿಷನ್ ಬರಗಾಲದ ಮಕ್ಕಳನ್ನು ತನ್ನ ಅನಾಥಾಲಯಗಳಿಗೆ ಸೇರಿಸಿಕೊಂಡಿತು. ಉತ್ತರ ಕರ್ನಾಟಕದ ಎಷ್ಟೋ ಕ್ರೈಸ್ತ ಮನೆತನಗಳ ಮೂಲಪುರುಷರು, ಮೂಲಮಾತೆಯರು ಅಂಥ ಮಕ್ಕಳೇ.

ಆಫ್ರಿಕಾದ ರಕ್ತ ನಮ್ಮ ನಾಡಿಗೆ ದೂರದ್ದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ಧಿಯರ ಹಿರಿಯರೂ ಗುಲಾಮಗಿರಿಯಿಂದ ನೊಂದು ಕಾಡು ಸೇರಿದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ಧಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ ಮಾತ್ರ.

ಅನಾಥಾಲಯಗಳ ಚರಿತ್ರೆಯಲ್ಲಿ ಸಾಮಾನ್ಯವಾಗಿ ಕಟ್ಟಿದವರ, ಹಣ ಕೊಟ್ಟವರ ಹೆಸರೇ ಮೊದಲು. ಅವರ ಋಣ ದೊಡ್ಡದು, ನಿಜ. ಆದರೆ ಆ ಮನೆಗಳು ಸಾರ್ಥಕವಾದದ್ದು ಅಲ್ಲಿ ಬೆಳೆದ ಮಕ್ಕಳ ಬಾಳಿನಿಂದ. ಜೇಕಬ್‌ನನ್ನು ನಾವು ಇಂದು ಇಷ್ಟು ಬಲ್ಲೆವೆಂದರೆ ಅದಕ್ಕೆ ಅವನ ಬರಹವೂ ಕಾರಣ. ಬರೆದಿಡದೆ ಹೋದವರು ಸಾವಿರಾರು. ಆದ್ದರಿಂದ ಮಕ್ಕಳ ಮನೆಗಳನ್ನು ನಡೆಸುವ ಹಿರಿಯರಲ್ಲಿ ಒಂದೇ ಬಿನ್ನಹ: ಹಳೆಯ ದಾಖಲಾತಿ ಪುಸ್ತಕಗಳನ್ನು ಗೆದ್ದಲಿಗೆ ಬಿಡಬೇಡಿ. ಅಲ್ಲಿ ಬೆಳೆದು ಹೊರಬಂದ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ, ನಿಮ್ಮ ಕಥೆಯನ್ನು ನೀವೇ ಬರೆಯಿರಿ.