ಎಷ್ಟು ಅಲುಗಿದರೆ ಕಿರುಚಬೇಕು? ಕಾರ್ ಅಲಾರಂನ ಶಾಕ್ ಸೆನ್ಸರ್ ಇತಿಹಾಸ

1/6
ದೀಪಾವಳಿ ರಾತ್ರಿ ಬೀದಿಯಲ್ಲಿ ಒಂದು ಪಟಾಕಿ ಢಂ ಅಂದ್ರೆ ಸಾಕು, ಸಾಲಾಗಿ ನಿಂತ ಕಾರುಗಳಲ್ಲಿ ಎರಡೋ ಮೂರೋ ಕೂಗೋಕೆ ಶುರು. ಯಾರಾದ್ರೂ ಹೊರಗೆ ಬಂದು ನೋಡ್ತಾರಾ? "ಯಾರ್ದಪ್ಪಾ ಅದು, ಆಫ್ ಮಾಡ್ರೋ" ಅಂತಾರೆ ಅಷ್ಟೇ. ಕಳ್ಳನ ಸುಳಿವು ಕೊಡೋಕೆ ಹುಟ್ಟಿದ ಯಂತ್ರ ಈ ಗತಿಗೆ ಹೇಗೆ ಬಂತು? ಈ ವಾರದ ಕಥೆ ಅದೇ. ಸ್ವೈಪ್ ಮಾಡ್ತಾ ಹೋಗಿ 👉

2/6
ಅಲುಗಾಟ ಪತ್ತೆ ಮಾಡೋ ಆಸೆ ಕಾರಿಗಿಂತ ತುಂಬಾ ಹಳೆಯದು. ಕ್ರಿ.ಶ. 132ರಲ್ಲಿ ಚೀನಾದ ವಿದ್ವಾಂಸ ಜಾಂಗ್ ಹೆಂಗ್, ಹಾನ್ ರಾಜರ ಆಸ್ಥಾನಕ್ಕೆ ಒಂದು ಭೂಕಂಪ ಸೂಚಕ ಮಾಡಿಕೊಟ್ಟ. ಕಂಚಿನ ದೊಡ್ಡ ಪಾತ್ರೆ, ಸುತ್ತ 8 ಡ್ರ್ಯಾಗನ್, ಪ್ರತಿಯೊಂದರ ಬಾಯಲ್ಲೂ ಒಂದು ಗುಂಡು. ನೆಲ ಕಂಪಿಸಿದರೆ ಒಂದು ಗುಂಡು ಕೆಳಗಿನ ಕಪ್ಪೆಯ ಬಾಯಿಗೆ ಬೀಳ್ತಿತ್ತು. ಒಂದು ದಿನ ಗುಂಡು ಬಿತ್ತು, ಆದರೆ ರಾಜಧಾನಿಯಲ್ಲಿ ಯಾರಿಗೂ ನೆಲ ನಡುಗಿದ್ದು ಗೊತ್ತಾಗಲಿಲ್ಲ. ಜನ ಯಂತ್ರದ ಮೇಲೇ ಅನುಮಾನ ಪಟ್ಟರು. ಕೆಲವು ದಿನಗಳ ನಂತರ ದೂರದ ಲಾಂಗ್‌ಶಿಯಿಂದ ದೂತ ಬಂದು, ಅಲ್ಲಿ ಭೂಕಂಪ ಆಗಿದೆ ಅಂದನಂತೆ. ಅಂದರೆ "ಇದನ್ನ ನಂಬಬೇಕಾ ಬೇಡ್ವಾ" ಅನ್ನೋ ಪ್ರಶ್ನೆ ಆಗಲೇ ಇತ್ತು.

3/6
1880ರಲ್ಲಿ ಫ್ರಾನ್ಸ್‌ನ ಅಣ್ಣತಮ್ಮ ಝಾಕ್ ಮತ್ತು ಪಿಯೆರ್ ಕ್ಯೂರಿ ಒಂದು ವಿಷಯ ಕಂಡುಹಿಡಿದರು: ಕ್ವಾರ್ಟ್ಜ್‌ನಂಥ ಕೆಲವು ಹರಳುಗಳನ್ನ ಒತ್ತಿದರೆ ವಿದ್ಯುತ್ ಹುಟ್ಟುತ್ತೆ. ಇದೇ ಪೀಜೋ ಪರಿಣಾಮ. ಇನ್ನೊಂದು ಕಡೆ, 1930ರ ದಶಕದ ಅಮೆರಿಕದಲ್ಲಿ ಹುಡುಗರು ಪಿನ್‌ಬಾಲ್ ಮೆಷಿನ್ನನ್ನೇ ಅಲ್ಲಾಡಿಸಿ ಗೆಲ್ತಿದ್ರು. ಅದಕ್ಕೆ ಹ್ಯಾರಿ ವಿಲಿಯಮ್ಸ್ 'ಟಿಲ್ಟ್' ತಂದ. ಮುಂದೆ ರೂಢಿಗೆ ಬಂದ ಟಿಲ್ಟ್‌ನಲ್ಲಿ ಲೋಹದ ಬಳೆಯೊಳಗೆ ಒಂದು ಲೋಲಕ ತೂಗುತ್ತೆ. ಮೆಷಿನ್ ಜೋರಾಗಿ ಅಲುಗಿದರೆ ಲೋಲಕ ಬಳೆಗೆ ತಾಗಿ ಆಟ ಮುಗೀತು! ಕಾರ್ ಸೆನ್ಸರ್‌ಗಳೂ ಇಂಥ ತತ್ವಗಳ ಮೇಲೇ ಬಂದವು. ಕೆಲವದರಲ್ಲಿ ಪೀಜೋ ಬಿಲ್ಲೆ, ಕೆಲವದರಲ್ಲಿ ಸುರುಳಿ ತಂತಿಯ ಪಕ್ಕ ತೂಗೋ ಅಯಸ್ಕಾಂತ.

4/6
1980ರ ದಶಕದಲ್ಲಿ ಅಮೆರಿಕದಲ್ಲಿ ಇದು ದೊಡ್ಡ ವ್ಯಾಪಾರ ಆಯ್ತು. 'ವೈಪರ್' ಅಲಾರಂ ಕಂಪನಿ ಕಟ್ಟಿದ ಡ್ಯಾರೆಲ್ ಐಸಾ ಮುಂದೆ ಅಲ್ಲಿನ ಕಾಂಗ್ರೆಸ್ ಸದಸ್ಯರಾದರು. ಕಾರಿನಿಂದ ದೂರ ಸರಿಯಿರಿ ಅಂತ ಆ ಅಲಾರಂ ಹೇಳೋ ಧ್ವನಿಯೂ ಅವರದ್ದೇ 😄 ಎರಡು ಹಂತದ ಸೆನ್ಸರ್ ಕೂಡ ಬಂತು: ಮೆಲ್ಲಗೆ ತಟ್ಟಿದರೆ ಬರೀ ಎಚ್ಚರಿಕೆಯ ಬೀಪ್, ಜೋರಾಗಿ ಹೊಡೆದರೆ ಪೂರ್ತಿ ಸೈರನ್.

5/6
ಸಮಸ್ಯೆ ಇರೋದು ಅದರ ಮೇಲಿನ ಸಣ್ಣ ಸ್ಕ್ರೂನಲ್ಲಿ. ಸೆನ್ಸರನ್ನ ಡ್ಯಾಶ್‌ಬೋರ್ಡ್ ಕೆಳಗೆ, ಕಾರಿನ ನಡುಭಾಗದಲ್ಲಿ, ಗಟ್ಟಿ ಲೋಹಕ್ಕೆ ಬಿಗಿಯಬೇಕು. ಸಡಿಲ ಪ್ಲಾಸ್ಟಿಕ್‌ಗೆ ಅಂಟಿಸಿದರೆ ಅದು ಹೇಳೋದೆಲ್ಲ ತಪ್ಪು. ಸೂಕ್ಷ್ಮತೆ ಕಡಿಮೆ ಇಟ್ಟು ಶುರು ಮಾಡಿ, ಬಾಗಿಲು ಹಾಕಿ, ಅಲಾರಂ ಆನ್ ಮಾಡಿ, ಸ್ವಲ್ಪ ಕಾದು, ಕಂಬದ ಭಾಗಕ್ಕೆ ಮುಷ್ಟಿಯಿಂದ ಗುದ್ದಿ ನೋಡಬೇಕು (ಗಾಜಿಗಲ್ಲ!). ಸಾಲದಿದ್ದರೆ ಸ್ಕ್ರೂ ಒಂಚೂರು ತಿರುಗಿಸಿ ಮತ್ತೆ ಗುದ್ದೋದು. ಪಕ್ಕದಲ್ಲಿ ಬಸ್ ಹೋದರೆ ಕೂಗಬಾರದು, ಗಾಜು ಒಡೆದರೆ ಸುಮ್ಮನಿರಬಾರದು. ಇದಕ್ಕೆ ತಾಳ್ಮೆ ಬೇಕು. ತಾಳ್ಮೆ ಇಲ್ಲದವರು ಜಾಸ್ತಿಗೇ ಇಟ್ಟುಬಿಟ್ಟರೆ ರಾತ್ರಿಯೆಲ್ಲ ಊರಿಗೆ ಜಾಗರಣೆ. ನ್ಯೂಯಾರ್ಕ್‌ನಲ್ಲಿ ಆಗಿದ್ದೂ ಇದೇ. ಕೊನೆಗೆ ಅಲಾರಂ 3 ನಿಮಿಷದಲ್ಲಿ ತಾನೇ ನಿಲ್ಲಬೇಕು ಅಂತ ನಗರ ನಿಯಮವೇ ಮಾಡಿತು.

6/6
ಈಗ ನಮ್ಮ ಬಿಕಾಂ ಭಾಗ. 1997ರಲ್ಲಿ ಅಮೆರಿಕದ ಹೈವೇ ಲಾಸ್ ಡೇಟಾ ಇನ್‌ಸ್ಟಿಟ್ಯೂಟ್ 7.3 ಕೋಟಿ ವಾಹನಗಳ ವಿಮಾ ಲೆಕ್ಕ ತೆಗೆದು ನೋಡಿತು. ಅಲಾರಂ ಇರೋ ಕಾರುಗಳಲ್ಲಿ ಒಟ್ಟಾರೆ ಕಳ್ಳತನದ ನಷ್ಟ ಕಡಿಮೆ ಆಗಿರಲಿಲ್ಲ! ಕಾರಣ ನೀವೇ ಊಹಿಸಬಹುದು: ದಿನಾ ಸುಳ್ಳು ಕೂಗೋದನ್ನ ಯಾರು ನಂಬ್ತಾರೆ? ತೋಳ ಬಂತು ತೋಳ ಕಥೆಯೇ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಎಕ್ಸ್‌ಟರ್ನಾಲಿಟಿ ಅಂತಾರೆ. ಕಾರು ಒಬ್ಬರದು, ನೆಮ್ಮದಿ ಅವರದು, ನಿದ್ದೆಗೆಡೋದು ಮಾತ್ರ ಪಕ್ಕದ ಮನೆಯ ಮಗು, ಹುಷಾರಿಲ್ಲದ ಅಜ್ಜಿ. ಆ ಖರ್ಚು ಯಾವ ಬಿಲ್ಲಲ್ಲೂ ಬರಲ್ಲ.

ಕೊನೆಗೆ ಕೆಲಸ ಮಾಡಿದ್ದು ಸದ್ದಿಲ್ಲದ ಇಮ್ಮೊಬಿಲೈಸರ್. ಕೀಲಿಯೊಳಗಿನ ಚಿಪ್ ಹೊಂದದಿದ್ದರೆ ಇಂಜಿನ್ ಸ್ಟಾರ್ಟೇ ಆಗಲ್ಲ. ಯೂರೋಪ್ 1998ರಲ್ಲಿ, ಆಸ್ಟ್ರೇಲಿಯಾ 2001ರಲ್ಲಿ, ಕೆನಡಾ 2007ರಲ್ಲಿ ಹೊಸ ಕಾರುಗಳಿಗೆ ಇದನ್ನ ಕಡ್ಡಾಯ ಮಾಡಿದವು. ಅದು ಯಾರನ್ನೂ ಕೂಗಿ ಕರೆಯಲ್ಲ, ಬೀದಿಯವರು ಎದ್ದು ಬರಲಿ ಅಂತ ಕಾಯೋದೂ ಇಲ್ಲ.

ಹಾಗಂತ ಶಾಕ್ ಸೆನ್ಸರ್ ದಂಡ ಅಂತಲ್ಲ. ಗಾಜು ಒಡೆದು ಬ್ಯಾಗ್ ಕದಿಯೋನನ್ನ ಇಮ್ಮೊಬಿಲೈಸರ್ ತಡೆಯಲ್ಲ, ಅಲ್ಲಿ ಇದೇ ಬೇಕು. ಆದರೆ ಅದರ ಬೆಲೆ ಇರೋದು ಕೂಗೋದ್ರಲ್ಲಿ ಅಲ್ಲ, ಬೇಡದಾಗ ಸುಮ್ಮನಿರೋದ್ರಲ್ಲಿ. ಮನೇಲಿ ಕಾರ್ ಇದ್ರೆ ಈ ಭಾನುವಾರ ಆ ಸ್ಕ್ರೂ ಒಮ್ಮೆ ನೋಡಿಸಿ. ನಿಮ್ಮ ಬೀದಿಯ ಕಿರುಚೋ ಕಾರಿನ ಓನರ್‌ಗೆ ಇದನ್ನ ಶೇರ್ ಮಾಡಿ 🙏

#ಇತಿಹಾಸ_ಸರಣಿ #ಕನ್ನಡ #ಬಿಕಾಂ_ಹುಡುಗರು