ಏಳು ತಲೆಗಳ ಅಳತೆ

1960ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಗಣಿತಜ್ಞ ವುಡ್ರೋ ಬ್ಲೆಡ್ಸೋ ಮತ್ತು ಸಂಗಡಿಗರು ಕಂಪ್ಯೂಟರಿಗೆ ಮುಖ ಗುರುತಿಸುವುದನ್ನು ಕಲಿಸಲು ಹೊರಟರು. ಕಣ್ಣೆಲ್ಲಿದೆ, ಮೂಗೆಲ್ಲಿದೆ ಎಂಬುದೇ ಆಗಿನ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಒಬ್ಬರು ಕೂತು ಪ್ರತಿ ಫೋಟೊದಲ್ಲೂ ಪಾಪೆಯ ನಡುಭಾಗ, ಕಣ್ಣಿನ ಒಳಮೂಲೆ, ಹೊರಮೂಲೆ, ಬಾಯಿಯ ಅಂಚುಗಳನ್ನು ವಿದ್ಯುತ್ ಹಲಗೆಯ ಮೇಲೆ ಪೆನ್ನಿನಿಂದ ತೋರಿಸಿಕೊಡಬೇಕಿತ್ತು. ಆ ಬಿಂದುಗಳಿಂದ ಯಂತ್ರ 20 ಅಂತರಗಳನ್ನು ಲೆಕ್ಕ ಹಾಕುತ್ತಿತ್ತು. ಗಂಟೆಗೆ ಮುಗಿಯುತ್ತಿದ್ದದ್ದು ಸುಮಾರು 40 ಫೋಟೊ. ಹಣ ಕೊಟ್ಟದ್ದು ಗುಪ್ತಚರ ಸಂಸ್ಥೆಯಾದ್ದರಿಂದ ಆ ಕೆಲಸದ ಬಹುಪಾಲು ಪ್ರಕಟವಾಗಲೇ ಇಲ್ಲ.

ತಲೆ ತುಸು ವಾಲಿದರೂ ಈ ಅಂತರಗಳೆಲ್ಲ ಏರುಪೇರಾಗುತ್ತವೆ. ಓರೆಯಾದ ಮುಖವನ್ನು ಲೆಕ್ಕದಲ್ಲೇ ನೇರ ಮಾಡಿಕೊಳ್ಳಲು ಬ್ಲೆಡ್ಸೋ ತಂಡ ಒಂದು 'ಮಾದರಿ ತಲೆ'ಯನ್ನು ರೂಪಿಸಿತು. ಅದಕ್ಕೆ ಅಳೆದದ್ದು ಏಳೇ ಏಳು ತಲೆಗಳನ್ನು. ಮನುಷ್ಯರ ಮುಖವೆಂದು ಯಂತ್ರ ತಿಳಿದುಕೊಳ್ಳುತ್ತಿರುವುದು ಯಾರ ಮುಖವನ್ನು? ಅಂದೇ ಏಳಬೇಕಿದ್ದ ಈ ಪ್ರಶ್ನೆ ಗಟ್ಟಿಯಾಗಿ ಕೇಳಿಬರಲು ಅರ್ಧ ಶತಮಾನ ಹಿಡಿಯಿತು.

ಮನುಷ್ಯರ ಕೈಕೆಲಸವನ್ನು ತಪ್ಪಿಸುವ ದಾರಿ ಜಪಾನಿನಲ್ಲಿ ತೆರೆಯಿತು. 1970ರ ಒಸಾಕಾ ಜಾಗತಿಕ ಮೇಳದಲ್ಲಿ ಜನ ಕ್ಯಾಮೆರಾದ ಮುಂದೆ ಕೂತು, ತಮ್ಮ ಮುಖ ಯಾವ ಪ್ರಸಿದ್ಧರನ್ನು ಹೋಲುತ್ತದೆಂದು ಯಂತ್ರದಿಂದ ಹೇಳಿಸಿಕೊಳ್ಳುತ್ತಿದ್ದರು. ಅಲ್ಲಿ ಸಂಗ್ರಹವಾದ ನೂರಾರು ಮುಖಗಳು ಕ್ಯೋಟೊ ವಿಶ್ವವಿದ್ಯಾಲಯದ ತಕೇಯೊ ಕನಾಡೆ ಅವರಿಗೆ ಒದಗಿಬಂದವು. ಕಣ್ಣು, ಮೂಗು, ಬಾಯಿಯನ್ನು ಯಂತ್ರವೇ ಹುಡುಕಿಕೊಳ್ಳುವ ವಿಧಾನವನ್ನು ಅವರು 1973ರ ಪಿಎಚ್.ಡಿ. ಪ್ರಬಂಧದಲ್ಲಿ ತೋರಿಸಿದರು. 20 ಜನರ ಪೈಕಿ 15 ಮಂದಿಯ ಗುರುತು ಸರಿಯಾಯಿತು. ಇಂದಿನ ಕಣ್ಣಿಗೆ ಕಡಿಮೆ ಎನಿಸಬಹುದು; ಆದರೆ ನಡುವೆ ಮನುಷ್ಯರ ಬೆರಳಿಲ್ಲದೆ ಬಂದ ಫಲ ಅದು.

1991ರಲ್ಲಿ ಎಂಐಟಿಯ ಮ್ಯಾಥ್ಯೂ ಟರ್ಕ್ ಮತ್ತು ಅಲೆಕ್ಸ್ ಪೆಂಟ್‌ಲ್ಯಾಂಡ್ ಅಂತರ ಅಳೆಯುವ ಗೊಡವೆಯನ್ನೇ ಬಿಟ್ಟರು. ಹಲವು ಮುಖಗಳ ಸರಾಸರಿ ತೆಗೆದು, ಒಂದೊಂದು ಮುಖ ಅದರಿಂದ ಯಾವ ದಿಕ್ಕಿಗೆ ಎಷ್ಟು ಸರಿದಿದೆ ಎಂಬುದನ್ನು ಕೆಲವೇ ಸಂಖ್ಯೆಗಳಲ್ಲಿ ಹಿಡಿದರು. 2001ರಲ್ಲಿ ಪಾಲ್ ವಯೋಲಾ ಮತ್ತು ಮೈಕೆಲ್ ಜೋನ್ಸ್, ಚಿತ್ರದಲ್ಲಿ ಮುಖವಿರುವ ಜಾಗವನ್ನು ಸೆಕೆಂಡಿಗೆ 15 ಚಿತ್ರಗಳ ವೇಗದಲ್ಲಿ ಪತ್ತೆ ಮಾಡಿದರು. ಮುಖವಿಲ್ಲದ ಭಾಗಗಳನ್ನು ಮೊದಲ ನೋಟಕ್ಕೇ ತಳ್ಳಿಹಾಕುವುದು ಅವರ ಜಾಣ್ಮೆ.

ಆಮೇಲಿನದು ನಾಗಾಲೋಟ. 2007ರಲ್ಲಿ ಅಂತರ್ಜಾಲದ 13,233 ಸುದ್ದಿಚಿತ್ರಗಳ ಒಂದು ಪರೀಕ್ಷಾ ಸಂಗ್ರಹ ಬಂತು. ಅದರ ಮೇಲೆ 2014ರಲ್ಲಿ ಫೇಸ್‌ಬುಕ್‌ನ ಡೀಪ್‌ಫೇಸ್ ಶೇ. 97.35 ಅಂಕ ಗಳಿಸಿತು, ಮನುಷ್ಯರದು ಶೇ. 97.53. ಮರುವರ್ಷವೇ ಗೂಗಲ್ ಶೇ. 99.63 ಮುಟ್ಟಿತು.

ಆ ಸಂಗ್ರಹದ ಮುಖಗಳಲ್ಲಿ ಮುಕ್ಕಾಲಿಗೂ ಹೆಚ್ಚು ಗಂಡಸರವು, ಶೇ. 80ಕ್ಕೂ ಹೆಚ್ಚು ಬಿಳಿಯರವು. 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿದರು. ತಿಳಿ ಚರ್ಮದ ಗಂಡಸರಲ್ಲಿ ತಪ್ಪು ಶೇ. 0.8 ಮೀರಲಿಲ್ಲ, ಕಡು ಚರ್ಮದ ಹೆಂಗಸರಲ್ಲಿ ಶೇ. 34.7ರವರೆಗೆ ಹೋಯಿತು. ಮರುವರ್ಷ ಅಮೆರಿಕದ ಮಾನಕ ಸಂಸ್ಥೆ 'ನಿಸ್ಟ್' ಗುರುತು ಹಿಡಿಯುವ ತಂತ್ರಾಂಶಗಳನ್ನೇ ಒರೆಗೆ ಹಚ್ಚಿತು. ಏಷ್ಯಾ ಮತ್ತು ಆಫ್ರಿಕಾ ಮೂಲದವರ ವಿಷಯದಲ್ಲಿ, ಬೇರೊಬ್ಬರನ್ನು ಇವರೇ ಎನ್ನುವ ತಪ್ಪು ಹಲವು ತಂತ್ರಾಂಶಗಳಲ್ಲಿ ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಿತ್ತು. ಚೀನಾದಲ್ಲಿ ತಯಾರಾದ ಕೆಲವು ತಂತ್ರಾಂಶಗಳು ಮಾತ್ರ ಪೂರ್ವ ಏಷ್ಯಾದ ಮುಖಗಳಲ್ಲಿ ಹೀಗೆ ಎಡವಲಿಲ್ಲ. ಕೊರತೆ ಇದ್ದದ್ದು ಚರ್ಮದ ಬಣ್ಣದಲ್ಲಲ್ಲ, ಕಲಿಸಿದ ಪಾಠದಲ್ಲಿ ಎನ್ನಲು ಇದು ಬಲವಾದ ಸುಳಿವು.

2022ರ ಡಿಸೆಂಬರ್ 1ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ಮುಖವನ್ನೇ ಗುರುತುಚೀಟಿಯಾಗಿಸಿ ಒಳಬಿಡುವ ಡಿಜಿ ಯಾತ್ರಾ ವ್ಯವಸ್ಥೆ ಶುರುವಾಯಿತು. ಅಲ್ಲಿ ಪ್ರಯಾಣಿಕರು ತಾವಾಗಿ ಒಪ್ಪಿ, ಒಳ್ಳೆಯ ಬೆಳಕಿನಲ್ಲಿ ನೇರವಾಗಿ ಕ್ಯಾಮೆರಾ ನೋಡುತ್ತಾರೆ. ಅಪರಾಧಿಗಳನ್ನು ಹುಡುಕುವ ಬೀದಿಯ ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ. ಅದು ಸಾವಿರಕ್ಕೊಂದು ಸಲ ತಪ್ಪಿದರೂ 10 ಲಕ್ಷ ಜನ ಹಾದುಹೋಗುವಾಗ 1,000 ಮಂದಿ ನಿರಪರಾಧಿಗಳ ಮೇಲೆ ಬೆರಳು ಬೀಳುತ್ತದೆ. ಕಾಣೆಯಾದ ಮಕ್ಕಳನ್ನು ಹುಡುಕಲು ತಂದಿದ್ದ ತಂತ್ರಾಂಶದ ನಿಖರತೆ ಶೇ. 2 ಮಾತ್ರ ಎಂದು 2018ರಲ್ಲಿ ದೆಹಲಿ ಪೊಲೀಸರೇ ಹೈಕೋರ್ಟಿಗೆ ತಿಳಿಸಿದ್ದರು.